ನಟರಿಗೆ ಪತ್ರ ಬರೆದು ಆಟೋಗ್ರಾಫ್ ತರಿಸಿಕೊಳ್ಳುವುದು ಹೇಗೆ?

ಕವರ್ ಮೇಲೆ ಇದ್ದದ್ದು ನನ್ನದೇ ಕೈಬರಹ. ಏಳು ತಿಂಗಳ ಹಿಂದೆ ನಾನೇ ವಿಳಾಸ ಬರೆದು, ಮಡಚಿ, ಇನ್ನೊಂದು ಕವರ್ ಒಳಗಿಟ್ಟು ಕಳಿಸಿದ್ದು. ಈಗ ಬೇರೆ ದೇಶದ ಅಂಚೆ ಮುದ್ರೆ ಹೊತ್ತು ವಾಪಸ್ ಬಂದಿತ್ತು. ಒಳಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೋ. ನಟರ ತಿಳಿ ಬಣ್ಣದ ಕೋಟಿನ ಮೇಲೆ ನೀಲಿ ಇಂಕಿನ ಸಹಿ. ಕೊನೆಯ ಗೆರೆ ಸ್ವಲ್ಪ ಹರಡಿತ್ತು, ಇಂಕು ಆರುವ ಮೊದಲೇ ಬೆರಳು ತಾಗಿದ ಹಾಗೆ. ಸಹಿಗಿಂತ ಜಾಸ್ತಿ ಹೊತ್ತು ನಾನು ಆ ಬೆರಳಿನ ಗುರುತನ್ನೇ ನೋಡಿದೆ. ತೆರೆಯ ಮೇಲೆ ನೋಡಿದ ಮನುಷ್ಯ ನನ್ನ ಪತ್ರವನ್ನು ಕೈಯಲ್ಲಿ ಹಿಡಿದಿದ್ದರು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅಂಚೆಯಲ್ಲಿ ಆಟೋಗ್ರಾಫ್ ತರಿಸಿಕೊಳ್ಳುವುದು ಹಳೆಯ ಹವ್ಯಾಸ. ಇವತ್ತಿಗೂ ಚೆನ್ನಾಗಿಯೇ ನಡೆಯುತ್ತದೆ. ಯಾರ ಪರಿಚಯವೂ ಬೇಡ, ಶಿಫಾರಸೂ ಬೇಡ. ಆದರೆ ಕಳಿಸುವ ರೀತಿ ಗೊತ್ತಿರಬೇಕು. ಎಷ್ಟೋ ಜನ ಮನಸ್ಸಿಟ್ಟು ಪತ್ರ ಬರೆದು, ಕೊನೆಗೆ ಕವರ್ ವಿಷಯದಲ್ಲಿ ಎಡವುತ್ತಾರೆ.

ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಶೂಟಿಂಗ್ ಮುಗಿಸಿ ಬಂದ ನಟ, ಇಲ್ಲವೇ ಅವರ ಸಹಾಯಕರು ಮೇಜಿನ ಮುಂದೆ ಕೂತಿದ್ದಾರೆ. ಎದುರಿಗೆ ಪತ್ರಗಳ ರಾಶಿ ಇದೆ. ನಿಮ್ಮ ಕವರ್ ಬಿಚ್ಚಿ, ಓದಿ, ಸಹಿ ಹಾಕಿ, ವಾಪಸ್ ಅಂಚೆಗೆ ಹಾಕಲು ಅವರಿಗೆ ಎರಡು ನಿಮಿಷ ಸಾಕಾಗಬೇಕು. ಕವರ್ ಹುಡುಕುವುದು, ಸ್ಟಾಂಪ್ ತರುವುದು, ವಿಳಾಸ ಬರೆಯುವುದು ಯಾವುದೂ ಅವರ ಪಾಲಿಗೆ ಉಳಿಯಬಾರದು. ಮುಂದೆ ನಾನು ಹೇಳುವುದೆಲ್ಲ ಈ ಎರಡು ನಿಮಿಷದ ಲೆಕ್ಕವೇ.

ಯಾರಿಗೆ ಬರೆಯಬೇಕು?

ಮೊದಲ ಪತ್ರವನ್ನೇ ಜಗತ್ತಿನ ಅತಿ ದೊಡ್ಡ ತಾರೆಗೆ ಬರೆಯಬೇಡಿ. ಅವರಿಗೆ ಬರುವ ಪತ್ರಗಳನ್ನು ಅವರು ಓದುವುದಿರಲಿ, ಕೈಯಲ್ಲಿ ಮುಟ್ಟುವುದೂ ಅಪರೂಪ. ಯಾವುದೋ ಕಚೇರಿ ಬಿಚ್ಚುತ್ತದೆ, ಅಚ್ಚಾದ ಫೋಟೋ ಒಂದನ್ನು ಕಳಿಸುತ್ತದೆ. ಎಷ್ಟೋ ಸಲ ಅದೂ ಬರುವುದಿಲ್ಲ.

ನಿಜವಾಗಿ ಉತ್ತರ ಬರೆಯುವವರು ಬೇರೆ ಇದ್ದಾರೆ. ನೂರಾರು ಚಿತ್ರಗಳಲ್ಲಿ ತಂದೆ, ಪೊಲೀಸ್, ವಕೀಲ, ನೆರೆಮನೆಯವನಾಗಿ ಬಂದು ಹೋದ ಪೋಷಕ ನಟರು. ಮೂವತ್ತು ವರ್ಷದ ಹಿಂದೆ ಒಂದು ಧಾರಾವಾಹಿಯಲ್ಲಿ ಮನೆಮಾತಾಗಿ ಈಗ ನಿವೃತ್ತರಾದವರು. ಈಗಷ್ಟೇ ಗುರುತಿಸಿಕೊಳ್ಳುತ್ತಿರುವ ಹೊಸಬರು. ಇವರಿಗೆ ಪತ್ರ ಬರುವುದೇ ಕಡಿಮೆ. ಅದರಲ್ಲೂ ತಾವು ಮಾಡಿದ ಸಣ್ಣ ಪಾತ್ರವನ್ನು ಯಾರೋ ನೆನಪಿಟ್ಟು ಬರೆದಿದ್ದಾರೆ ಅಂದರೆ ಅವರಿಗೂ ಸಂತೋಷ ಆಗುತ್ತದೆ, ಅಲ್ವಾ? ನನ್ನ ಸಂಗ್ರಹದಲ್ಲಿ ಸಹಿಯ ಜೊತೆ ನಾಲ್ಕು ಸಾಲು ಬರೆದು ಕಳಿಸಿದವರೆಲ್ಲ ಇಂಥವರೇ.

ಇನ್ನೊಂದು ಗುಂಪು ರಂಗಭೂಮಿಯಲ್ಲಿ ಸಿಗುತ್ತದೆ. ಸಿನಿಮಾದ ದೊಡ್ಡ ನಟರೂ ಆಗಾಗ ನಾಟಕ ಮಾಡುತ್ತಾರೆ. ಒಂದು ನಾಟಕ ಕೆಲವು ವಾರ ಓಡುತ್ತದೆ ಅಂದರೆ ಅಷ್ಟು ದಿನವೂ ಆ ನಟ ಸಂಜೆ ಹೊತ್ತಿಗೆ ಅದೇ ಕಟ್ಟಡದ ಅದೇ ಕೋಣೆಯಲ್ಲಿ ಇರುತ್ತಾರೆ. ನಿಮ್ಮ ಪತ್ರ ನೇರವಾಗಿ ಮೇಕಪ್ ಕೋಣೆಯ ಮೇಜಿಗೆ ಹೋಗುವ ಸಾಧ್ಯತೆ ಇದೆ. ನಟರ ಕೆಲಸ ನೋಡಿಕೊಳ್ಳುವ ಏಜೆಂಟರ ಕಚೇರಿಗೆ ಕಳಿಸಿದಾಗ ಉತ್ತರ ಬಾರದ ಎಷ್ಟೋ ನಟರಿಂದ ಹೀಗೆ ಉತ್ತರ ಬಂದದ್ದಿದೆ. ನಾಟಕ ಶುರುವಾಗಿ ಒಂದು ವಾರ ಕಳೆದ ಮೇಲೆ ತಲುಪುವ ಹಾಗೆ ಕಳಿಸಿ. ಮೊದಲ ವಾರ ಅವರಿಗೆ ತಲೆಬಿಸಿಯ ವಾರ. ಕೊನೆಯ ವಾರ ತಲುಪಿದರೆ ಪತ್ರ ಅಲ್ಲೇ ಉಳಿದುಬಿಡಬಹುದು.

ಸಹಿ ಹಾಕುವುದನ್ನೇ ನಿಲ್ಲಿಸಿದವರೂ ಇದ್ದಾರೆ, ಬರೆಯುವ ಮೊದಲು ಒಮ್ಮೆ ನೋಡಿಕೊಳ್ಳಿ. ಹಾಲಿವುಡ್ ನಟ ಪಾಲ್ ನ್ಯೂಮನ್ ತಮ್ಮ ಕೊನೆಯ ದಶಕಗಳಲ್ಲಿ ಆಟೋಗ್ರಾಫ್ ಕೊಡುತ್ತಿರಲಿಲ್ಲ. ಬೀಟಲ್ಸ್ ಸಂಗೀತ ತಂಡದ ಡ್ರಮ್ ವಾದಕ, ಸಿನಿಮಾದಲ್ಲೂ ನಟಿಸಿದ್ದ ರಿಂಗೋ ಸ್ಟಾರ್ 2008ರಲ್ಲಿ ವಿಡಿಯೊ ಮಾಡಿ, ಅಕ್ಟೋಬರ್ 20ರ ನಂತರ ಬಂದ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ನೇರವಾಗಿ ಹೇಳಿದರು. ಒಬ್ಬರು ಬೇಡ ಅಂದ ಮೇಲೆ ಮತ್ತೆ ಮತ್ತೆ ಬರೆಯುವುದು ಸರಿಯಲ್ಲ.

ವಿಳಾಸ

ನಟರ ಅಧಿಕೃತ ಜಾಲತಾಣದಲ್ಲಿ ಅಭಿಮಾನಿಗಳ ಪತ್ರಕ್ಕೆ ಅಂತಲೇ ವಿಳಾಸ ಇದ್ದರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಅವರ ಏಜೆಂಟ್ ಅಥವಾ ಮ್ಯಾನೇಜರ್ ಕಚೇರಿ. ಐಎಂಡಿಬಿ ಪ್ರೊ ಎಂಬ ಹಣ ಕೊಟ್ಟು ನೋಡುವ ಸೇವೆಯಲ್ಲಿ ಬಹಳಷ್ಟು ನಟರ ಏಜೆಂಟರ ವಿವರ ಸಿಗುತ್ತದೆ. ಏಜೆಂಟರ ಕಚೇರಿಯ ಸ್ವಂತ ಜಾಲತಾಣದಲ್ಲೂ ತಮ್ಮ ಕಲಾವಿದರ ಪಟ್ಟಿ ಹಾಕಿರುತ್ತಾರೆ. ಕಳಿಸುವ ವಾರವೇ ಮತ್ತೊಮ್ಮೆ ಪರಿಶೀಲಿಸಿ. ನಟರು ಏಜೆಂಟರನ್ನು ಬದಲಾಯಿಸುತ್ತಲೇ ಇರುತ್ತಾರೆ. ಎರಡು ವರ್ಷ ಹಳೆಯ ಪಟ್ಟಿಯ ವಿಳಾಸಕ್ಕೆ ಕಳಿಸಿದ ಪತ್ರ ಹಾಗೇ ತಿರುಗಿ ಬರುವುದು ಸಾಮಾನ್ಯ.

ಕವರ್ ಮೇಲೆ ಮೊದಲು ನಟರ ಹೆಸರು, ಅದರ ಕೆಳಗೆ ಇಂಥ ಏಜೆನ್ಸಿಯ ಅಥವಾ ಇಂಥ ರಂಗಮಂದಿರದ ಮೂಲಕ ಅಂತ ಬರೆದು ಪೂರ್ತಿ ವಿಳಾಸ ಬರೆಯಿರಿ. ರಂಗಮಂದಿರ ಆದರೆ ಸ್ಟೇಜ್ ಡೋರ್ ಅನ್ನುವ ಮಾತು ಸೇರಿಸಿ. ಕಲಾವಿದರು ಓಡಾಡುವ ಬಾಗಿಲು ಅದು. ಅಲ್ಲಿ ಕೂರುವವರೇ ಪತ್ರಗಳನ್ನು ಒಳಗೆ ಮುಟ್ಟಿಸುತ್ತಾರೆ.

ಮನೆ ವಿಳಾಸಕ್ಕೆ ಬರೆಯಬೇಡಿ. ಸಂಗ್ರಹಕಾರರ ನಡುವೆ ಇಂಥ ವಿಳಾಸಗಳು ಕೈಯಿಂದ ಕೈಗೆ ಓಡಾಡುತ್ತವೆ, ಯಾರೋ ಒಬ್ಬರು ನಿಮಗೂ ಕೊಡುತ್ತಾರೆ. ತಗೋಬೇಡಿ. 1989ರ ಜುಲೈ 18ರಂದು ಅಮೆರಿಕದ ನಟಿ ರೆಬೆಕಾ ಶೇಫರ್ ತಮ್ಮ ಮನೆ ಬಾಗಿಲಲ್ಲೇ ಕೊಲೆಯಾದರು. ಅವರಿಗೆ ಆಗ 21 ವರ್ಷ. ಕೊಂದವನು ಅವರ ಹಿಂದೆ ಬಿದ್ದಿದ್ದ ಒಬ್ಬ ಅಭಿಮಾನಿ. ವಾಹನ ನೋಂದಣಿ ದಾಖಲೆಯಿಂದ, ಖಾಸಗಿ ಪತ್ತೇದಾರನ ಮೂಲಕ ಮನೆ ವಿಳಾಸ ಪಡೆದಿದ್ದ. ಆ ಘಟನೆ ಎಲ್ಲರನ್ನೂ ಬೆಚ್ಚಿಬೀಳಿಸಿತು. 1994ರಲ್ಲಿ ಅಂಥ ದಾಖಲೆಗಳನ್ನು ಕಂಡವರಿಗೆಲ್ಲ ಕೊಡದಂತೆ ಅಮೆರಿಕದಲ್ಲಿ ಕಾನೂನೇ ಬಂತು. ನಾವು ಒಳ್ಳೆಯವರು ಅಂತ ನಮಗೆ ಗೊತ್ತು, ಕವರ್ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಮನೆಗೆ ಬಂದ ಅಪರಿಚಿತರ ಪತ್ರ ಮೊದಲು ಹುಟ್ಟಿಸುವುದು ಭಯವನ್ನೇ.

ಸಹಿ ಯಾವುದರ ಮೇಲೆ?

ಹೆಚ್ಚಿನವರು ಫೋಟೋ ಕಳಿಸುತ್ತಾರೆ. ಸಂಗ್ರಹಕಾರರ ಲೋಕದಲ್ಲಿ ರೂಢಿಯಲ್ಲಿರುವುದು 8 ಇಂಚು ಅಗಲ, 10 ಇಂಚು ಉದ್ದದ ಫೋಟೋ. ನೋಡಲು ಚೆನ್ನ. ಆದರೆ ಕಳಿಸಲು ದೊಡ್ಡ ಕವರ್, ರಟ್ಟು, ಜಾಸ್ತಿ ಸ್ಟಾಂಪ್ ಎಲ್ಲ ಬೇಕು. ಹೊಸಬರಿಗೆ, ಅದರಲ್ಲೂ ಬೇರೆ ದೇಶಕ್ಕೆ ಕಳಿಸುವವರಿಗೆ, 4x6 ಇಂಚಿನ ಫೋಟೋನೇ ಸಾಕು ಅಂತ ನಾನು ಹೇಳುತ್ತೇನೆ. ಸಾಮಾನ್ಯ ಕವರ್‌ನಲ್ಲಿ ಹಿಡಿಸುತ್ತದೆ, ಹಗುರ ಇರುತ್ತದೆ, ಮಡಚಿಹೋಗುವ ಭಯ ಕಡಿಮೆ. 3x5 ಇಂಚಿನ ಬಿಳಿ ಕಾರ್ಡ್ ಇನ್ನೂ ಸುಲಭ. ಸಹಿ ಇರುವ ಕಾರ್ಡನ್ನು ಆಮೇಲೆ ಫೋಟೋ ಜೊತೆ ಸೇರಿಸಿ ಫ್ರೇಮ್ ಹಾಕಿಸಬಹುದು.

ಫೋಟೋ ಆರಿಸುವಾಗ ಮುಖಕ್ಕಿಂತ ಮೊದಲು ಖಾಲಿ ಜಾಗ ನೋಡಿ. ಕಪ್ಪು ಸೂಟು, ಕಪ್ಪು ಹಿನ್ನೆಲೆ ಇರುವ ಫೋಟೋ ಮೇಲೆ ಕಪ್ಪು ಅಥವಾ ನೀಲಿ ಪೆನ್ನಿನ ಸಹಿ ಕಾಣುವುದೇ ಇಲ್ಲ. ಅವರ ಮೇಜಿನ ಮೇಲೆ ಬೆಳ್ಳಿ ಬಣ್ಣದ ಪೆನ್ನು ಇರುತ್ತದೆ ಅಂತ ನಂಬಿಕೊಳ್ಳಬೇಡಿ. ಆಕಾಶ, ಗೋಡೆ, ಬಿಳಿ ಅಂಗಿ ಹೀಗೆ ಏನಾದರೂ ತಿಳಿ ಬಣ್ಣದ ಭಾಗ ಇರಲಿ. ಪೂರ್ತಿ ಹೊಳಪಿನ ಕಾಗದಕ್ಕಿಂತ ಮ್ಯಾಟ್ ಕಾಗದದ ಮೇಲೆ ಇಂಕು ಚೆನ್ನಾಗಿ ಹಿಡಿಯುತ್ತದೆ. ಹೊಳಪಿನದೇ ಆದರೆ ಕವರ್‌ಗೆ ಹಾಕುವ ಮೊದಲು ಮೆತ್ತನೆ ಒಣ ಬಟ್ಟೆಯಿಂದ ನಿಧಾನಕ್ಕೆ ಒರೆಸಿ, ಆಮೇಲೆ ಬರೀ ಅಂಚು ಹಿಡಿಯಿರಿ. ಬೆರಳಿನ ಜಿಡ್ಡು ಇದ್ದ ಕಡೆ ಮಾರ್ಕರ್ ಇಂಕು ಕೂರುವುದಿಲ್ಲ. ನನ್ನ ಒಂದು ಫೋಟೋದಲ್ಲಿ ಸಹಿಯ ನಡುವೆ ಹೆಬ್ಬೆರಳಿನಷ್ಟು ಜಾಗ ಖಾಲಿ ಬಂದಿದೆ. ಆ ಹೆಬ್ಬೆರಳು ನನ್ನದೇ.

ಪೆನ್ನು ಜೊತೆಗಿಟ್ಟು ಕಳಿಸುವವರಿದ್ದಾರೆ. ಬೇಡ. ಕವರ್ ಉಬ್ಬುತ್ತದೆ, ಪತ್ರ ವಿಂಗಡಿಸುವ ಯಂತ್ರದಲ್ಲಿ ಸಿಕ್ಕಿ ಹರಿಯುತ್ತದೆ. ನಟರ ಬಳಿ ಪೆನ್ನು ಇದ್ದೇ ಇರುತ್ತದೆ.

ಒಂದು ಅಥವಾ ಎರಡು ವಸ್ತು ಕಳಿಸಿ, ಅದಕ್ಕಿಂತ ಜಾಸ್ತಿ ಬೇಡ. ಆರು ಫೋಟೋ ಕಂಡರೆ ಇವನು ಮಾರಾಟಕ್ಕೆ ತರಿಸಿಕೊಳ್ಳುತ್ತಿದ್ದಾನೆ ಅಂತಲೇ ಅವರು ಅಂದುಕೊಳ್ಳುತ್ತಾರೆ. ಕಳೆದುಹೋದರೆ ಮತ್ತೆ ಸಿಗದ ವಸ್ತುವನ್ನಂತೂ ಕಳಿಸಲೇಬೇಡಿ. ಹಳೆಯ ಪೋಸ್ಟರ್, ಮೊದಲ ಆಟದ ಟಿಕೆಟ್ ಇಂಥವೆಲ್ಲ ಮನೆಯಲ್ಲೇ ಇರಲಿ.

ಪತ್ರ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಫೋಟೋ ಎಲ್ಲರೂ ಕಳಿಸುತ್ತಾರೆ, ಓದುವವರಿಗೆ ನೀವು ಯಾರು ಅಂತ ತಿಳಿಯುವುದು ಪತ್ರದಿಂದ ಮಾತ್ರ.

ಕೈಯಲ್ಲೇ ಬರೆಯಿರಿ. ಒಂದೇ ಪುಟ, ಅದೂ ಒಂದೇ ಬದಿ. ಅಕ್ಷರ ಚಂದ ಇರಬೇಕಿಲ್ಲ, ಓದಲು ಬಂದರೆ ಸಾಕು. ನಟರಿಗೆ ಗೊತ್ತಿರುವ ಭಾಷೆಯಲ್ಲಿ ಬರೆಯಬೇಕು. ಆ ಭಾಷೆ ನಿಮಗೆ ಅಷ್ಟು ಸಲೀಸಾಗಿ ಬರದಿದ್ದರೆ ಸಣ್ಣ ಸಣ್ಣ ವಾಕ್ಯ ಮಾಡಿ. ಒಂದೆರಡು ತಪ್ಪು ಇದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬೇರೆಯವರಿಂದ ಬರೆಸಿದ ಅಲಂಕಾರದ ಪತ್ರಕ್ಕಿಂತ ಅದೇ ಮೇಲು.

ಪತ್ರದಲ್ಲಿ ಒಂದು ದೃಶ್ಯ ಇರಲಿ. "ನಾನು ನಿಮ್ಮ ದೊಡ್ಡ ಅಭಿಮಾನಿ, ನಿಮ್ಮ ಎಲ್ಲ ಚಿತ್ರ ನೋಡಿದ್ದೇನೆ" ಅನ್ನುವ ಸಾಲು ಅವರಿಗೆ ಬರುವ ಪ್ರತಿ ಪತ್ರದಲ್ಲೂ ಇರುತ್ತದೆ. ಒಂದು ನೋಟ, ಒಂದು ಮಾತು, ಅವರು ಕುರ್ಚಿಯಿಂದ ಎದ್ದ ಬಗೆ, ಹೀಗೆ ನಿಮ್ಮ ಕಣ್ಣಿಗೆ ಬಿದ್ದದ್ದು ಬೇರೆ ಯಾರೂ ಬರೆದಿರುವುದಿಲ್ಲ. ಕೂತು ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ಯಾಕೆ ನಿಮಗೆ ಅವರು ಇಷ್ಟ ಅನ್ನುವುದಕ್ಕೆ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಅದನ್ನು ಬರೆಯಿರಿ.

ಒಬ್ಬ ಹಿರಿಯ ಪೋಷಕ ನಟರಿಗೆ ಬರೆಯುವುದಾದರೆ ಪತ್ರ ಹೀಗಿರಬಹುದು:

"ಮಾನ್ಯರೇ,

ನೀವು ಸ್ಟೇಷನ್ ಮಾಸ್ಟರ್ ಪಾತ್ರ ಮಾಡಿದ ಚಿತ್ರವನ್ನು ನಾನು ಮೊದಲು ನೋಡಿದಾಗ ನನಗೆ ಹನ್ನೊಂದು ವರ್ಷ. ಕೊನೆಯ ರೈಲು ಹೋದ ಮೇಲೆ ನೀವು ಟೋಪಿ ತೆಗೆದು ಕಿಟಕಿಯ ಮೇಲಿಟ್ಟು ಸುಮ್ಮನೆ ನಿಲ್ಲುತ್ತೀರಿ. ಒಂದು ಮಾತೂ ಇಲ್ಲ. ಆಗ ನನಗೆ ಅದು ಅರ್ಥ ಆಗಿರಲಿಲ್ಲ. ಕಳೆದ ವರ್ಷ ನನ್ನ ತಂದೆ ನಿವೃತ್ತರಾದ ದಿನ ಮನೆಗೆ ಬಂದು ಹಾಗೇ ನಿಂತರು. ನನಗೆ ತಕ್ಷಣ ನಿಮ್ಮ ನೆನಪಾಯಿತು.

ಆ ದೃಶ್ಯಕ್ಕಾಗಿ ನಿಮಗೆ ಧನ್ಯವಾದ ಹೇಳಬೇಕಿತ್ತು. ಜೊತೆಗಿರುವ ಫೋಟೋಗೆ ಸಹಿ ಮಾಡಿ ಕಳಿಸಿದರೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಸಾಧ್ಯವಾದರೆ ನನ್ನ ಹೆಸರನ್ನೂ ಬರೆಯಿರಿ. ಸ್ಟಾಂಪ್ ಹಚ್ಚಿದ ಕವರ್ ಇಟ್ಟಿದ್ದೇನೆ. ಬಿಡುವಿಲ್ಲದಿದ್ದರೆ ಬೇಸರವಿಲ್ಲ, ಈ ಪತ್ರ ನಿಮ್ಮ ಕೈ ಸೇರಿದರೆ ಅದೇ ಸಂತೋಷ."

ಇಷ್ಟೇ. ನೀವು ಯಾರು, ಏನು ಇಷ್ಟವಾಯಿತು, ಏನು ಬೇಕು, ಎಲ್ಲ ಬಂತು. ಇದನ್ನು ನಕಲು ಮಾಡಬೇಡಿ. ನಿಮ್ಮ ದೃಶ್ಯ ಬೇರೆ, ನಿಮ್ಮ ತಂದೆಯೂ ಬೇರೆ.

ನಿಮ್ಮ ಹೆಸರು ಬರೆಯಲು ಕೇಳುವುದಕ್ಕೆ ಒಂದು ಕಾರಣ ಇದೆ. ಹೆಸರು ಬರೆದ ಆಟೋಗ್ರಾಫ್ ಮಾರುಕಟ್ಟೆಯಲ್ಲಿ ಅಷ್ಟಾಗಿ ಓಡುವುದಿಲ್ಲ. ಹಾಗಾಗಿ ಹೆಸರು ಕೇಳಿದವರು ಸಹಿಯನ್ನು ಇಟ್ಟುಕೊಳ್ಳುವವರು ಅಂತ ನಟರಿಗೆ ನಂಬಿಕೆ ಬರುತ್ತದೆ. ಪತ್ರದ ಕೊನೆಯಲ್ಲಿ ಹೆಸರನ್ನು ಅವರ ಲಿಪಿಯಲ್ಲಿ ಬಿಡಿ ಬಿಡಿ ಅಕ್ಷರದಲ್ಲಿ ಬರೆಯಿರಿ. ಚಿಕ್ಕ ಅಂಟುಚೀಟಿಯ ಮೇಲೆ ಹೆಸರು ಬರೆದು ಫೋಟೋ ಹಿಂಬದಿಗೆ ಅಂಟಿಸುವುದು ಇನ್ನೂ ಒಳ್ಳೆಯದು. ಪತ್ರ ಒಂದು ಕಡೆ, ಫೋಟೋ ಒಂದು ಕಡೆ ಆದರೂ ಹೆಸರು ತಪ್ಪುವುದಿಲ್ಲ.

ಪತ್ರದಲ್ಲಿ ಹಣದ ಸಹಾಯ, ಅವಕಾಶ, ಭೇಟಿ, ಫೋನ್ ನಂಬರ್ ಏನನ್ನೂ ಕೇಳಬೇಡಿ. ನಿಮ್ಮ ಕಥೆ ಓದಿ ಅಭಿಪ್ರಾಯ ಹೇಳಿ ಅಂತ ಹಸ್ತಪ್ರತಿ ಕಳಿಸಬೇಡಿ. ಸುಳ್ಳಂತೂ ಬೇಡವೇ ಬೇಡ. ಇಲ್ಲದ ಕಾಯಿಲೆ, ಇಲ್ಲದ ಮಗು, ಇಲ್ಲದ ಕೊನೆಯಾಸೆ ಹೇಳಿ ಸಹಿ ತರಿಸಿಕೊಂಡವರನ್ನು ನಾನು ನೋಡಿದ್ದೇನೆ. ಇಂಥ ಪತ್ರಗಳಿಂದ ಮೋಸಹೋದ ನಟ ಮುಂದೆ ನಿಜವಾಗಿ ಕಷ್ಟದಲ್ಲಿರುವವರ ಪತ್ರವನ್ನೂ ನಂಬುವುದಿಲ್ಲ.

ಕವರ್ ಮತ್ತು ಸ್ಟಾಂಪ್

ಎರಡು ಕವರ್ ಬೇಕು. ಹೊರಗಿನದು ಅವರ ವಿಳಾಸಕ್ಕೆ. ಒಳಗಿನದು ಸ್ವವಿಳಾಸದ ಕವರ್, ಅಂದರೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿ ತಯಾರಾಗಿರುವ ಕವರ್. ದೊಡ್ಡ ಫೋಟೋ ಆದರೆ 9x12 ಇಂಚಿನ ಕವರ್ ವಾಪಸ್ ಬರಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ 10x13 ಇಂಚಿನದು ಕಳಿಸಲು. ವಾಪಸ್ ಕವರ್ ಅನ್ನು ಮಧ್ಯಕ್ಕೆ ಒಂದೇ ಸಲ ಮಡಚಿ ಒಳಗಿಡಿ. ಫೋಟೋ ಬಗ್ಗದ ಹಾಗೆ ಅದೇ ಅಳತೆಯ ತೆಳು ರಟ್ಟು ಇಡಿ. ವಾಪಸ್ ಬರುವಾಗಲೂ ಅದೇ ರಟ್ಟು ಉಪಯೋಗಕ್ಕೆ ಬರುತ್ತದೆ. ಎರಡೂ ಕವರ್ ಮೇಲೆ "ಫೋಟೋ ಇದೆ, ಮಡಚಬೇಡಿ" ಅಂತ ಎರಡೂ ದೇಶದವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ.

ಒಳಗಿನ ಕವರ್‌ನ ಅಂಟು ಗಮನಿಸಿ. ನೀರು ಹಚ್ಚಿ ಅಂಟಿಸುವುದಕ್ಕಿಂತ ಪಟ್ಟಿ ಕಿತ್ತು ಅಂಟಿಸುವ ಕವರ್ ಮೇಲು. ರಾಶಿ ಪತ್ರಗಳ ಮುಂದೆ ಕೂತವರಿಗೆ ಇಂಥ ಸಣ್ಣ ವಿಷಯವೂ ಅನುಕೂಲವೇ.

ಈಗ ಸ್ಟಾಂಪ್. ವಾಪಸ್ ಕವರ್ ಯಾವ ದೇಶದಲ್ಲಿ ಅಂಚೆಗೆ ಬೀಳುತ್ತದೋ ಆ ದೇಶದ ಸ್ಟಾಂಪ್ ಬೇಕು. ನಿಮ್ಮ ದೇಶದ ಸ್ಟಾಂಪ್ ಅಲ್ಲಿ ನಡೆಯುವುದಿಲ್ಲ. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಇದೇ, ನನ್ನ ಮೊದಲ ನಾಲ್ಕು ಪತ್ರಗಳೂ ಹೀಗೇ ಹೋದವು. ಒಂದೂ ತಿರುಗಿ ಬರಲಿಲ್ಲ. ಯಾರೋ ಸಹಿ ಹಾಕಿದ್ದರೂ ಕವರ್ ಅಲ್ಲಿಂದ ಹೊರಡಲು ದಾರಿಯೇ ಇರಲಿಲ್ಲ ಅನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬೇರೆ ದೇಶದ ಸ್ಟಾಂಪ್ ಹೇಗೆ ತರುವುದು? ಸ್ಟಾಂಪ್ ಸಂಗ್ರಾಹಕರು ಮತ್ತು ಆ ದೇಶದಲ್ಲಿರುವ ನಂಟರು, ಗೆಳೆಯರು ಸುಲಭದ ದಾರಿ. ಅಮೆರಿಕಕ್ಕೆ ಬರೆಯುವವರಿಗೆ ಒಂದು ಅನುಕೂಲ ಇದೆ. ಅಲ್ಲಿನ ಅಂಚೆ ಇಲಾಖೆ 2013ರಿಂದ ಗ್ಲೋಬಲ್ ಫಾರೆವರ್ ಎಂಬ ಗುಂಡಗಿನ ಸ್ಟಾಂಪ್ ಮಾರುತ್ತದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಕದ ಸಾಮಾನ್ಯ ಪತ್ರ ಬೇರೆ ದೇಶಕ್ಕೆ ಹೋಗಲು ಒಂದೇ ಸ್ಟಾಂಪ್ ಸಾಕು. ಅದರ ಮೇಲೆ ಬೆಲೆ ಅಚ್ಚಾಗಿಲ್ಲ, ಮುಂದೆ ದರ ಏರಿದರೂ ನಡೆಯುತ್ತದೆ. ಉತ್ತರ ಒಂದು ವರ್ಷ ಬಿಟ್ಟು ಬರುವ ಈ ಹವ್ಯಾಸಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಬ್ರಿಟನ್‌ಗೆ ಬರೆಯುವವರು ಹುಷಾರಾಗಿರಬೇಕು. ಅಲ್ಲಿನ ದಿನಬಳಕೆಯ ಸ್ಟಾಂಪ್‌ಗಳಲ್ಲಿ ಬಾರ್‌ಕೋಡ್ ಇಲ್ಲದ ಹಳೆಯವು 2023ರ ಜುಲೈ 31ರ ನಂತರ ನಡೆಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಹಾಳೆ ಕೊಂಡು ಹಚ್ಚಬೇಡಿ.

ಇನ್ನೊಂದು ಹಳೆಯ ದಾರಿ ಅಂತರರಾಷ್ಟ್ರೀಯ ಉತ್ತರ ಕೂಪನ್. 1906ರಲ್ಲಿ ರೋಮ್‌ನಲ್ಲಿ ಸೇರಿದ ವಿಶ್ವ ಅಂಚೆ ಒಕ್ಕೂಟ ಇದನ್ನು ತಂದಿತು. ನೀವು ಇಲ್ಲಿ ಕೊಂಡ ಕೂಪನ್ ಅನ್ನು ಅವರು ಅಲ್ಲಿನ ಅಂಚೆ ಕಚೇರಿಯಲ್ಲಿ ಕೊಟ್ಟು, ಒಂದು ಸಾಮಾನ್ಯ ವಿದೇಶಿ ಪತ್ರಕ್ಕೆ ಬೇಕಾದ ಸ್ಟಾಂಪ್ ಪಡೆಯಬಹುದು. ಯೋಚನೆ ಸುಂದರ. ಆದರೆ ಎಲ್ಲ ದೇಶಗಳಲ್ಲೂ ಈಗ ಮಾರುವುದಿಲ್ಲ, ಅಮೆರಿಕ 2013ರಲ್ಲೇ ನಿಲ್ಲಿಸಿತು. ಸಿಕ್ಕರೂ ಅದರ ಮೇಲೆ ಕೊನೆಯ ದಿನಾಂಕ ಇರುತ್ತದೆ, ನೋಡಿ ಕೊಳ್ಳಿ. ನನಗೆ ಇದರಲ್ಲಿ ಕಾಣುವ ತೊಂದರೆ ಬೇರೆ: ಕೂಪನ್ ಹಿಡಿದು ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುವ ಕೆಲಸ ಅವರ ಮೇಲೆ ಬಿತ್ತು. ನಮ್ಮ ಎರಡು ನಿಮಿಷದ ಲೆಕ್ಕ ಅಲ್ಲಿಗೆ ತಪ್ಪಿತು. ಹಾಗಾಗಿ ಸ್ಟಾಂಪ್ ಸಿಗದಿದ್ದರೆ ಮಾತ್ರ ಕೂಪನ್.

ತೂಕ ಅಂದಾಜಿನಲ್ಲಿ ಬಿಡಬೇಡಿ. ವಾಪಸ್ ಕವರ್, ಫೋಟೋ, ರಟ್ಟು ಮೂರನ್ನೂ ಸೇರಿಸಿ ತಕ್ಕಡಿಯಲ್ಲಿಟ್ಟು ನೋಡಿ. ನಿಮ್ಮ ಪತ್ರದ ತೂಕ ಲೆಕ್ಕಕ್ಕೆ ಬೇಡ, ಅದು ಅಲ್ಲೇ ಉಳಿಯುತ್ತದೆ. ಕವರ್ ಬಗ್ಗದಷ್ಟು ಗಟ್ಟಿ ಇದ್ದರೆ ಕೆಲವು ದೇಶಗಳಲ್ಲಿ ದರ ಜಾಸ್ತಿ, ಅದನ್ನೂ ಆ ದೇಶದ ಅಂಚೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ರಿಜಿಸ್ಟರ್ ಪೋಸ್ಟ್ ಬೇಡ. ತೆಗೆದುಕೊಳ್ಳುವಾಗ ಯಾರಾದರೂ ಸಹಿ ಹಾಕಬೇಕಾದ ಪತ್ರವನ್ನು ಬಹಳ ಕಚೇರಿಗಳು ವಾಪಸ್ ಕಳಿಸಿಬಿಡುತ್ತವೆ.

ಕಾಯುವುದು

ಒಂದು ನೋಟ್‌ಬುಕ್ ಇಡಿ. ಯಾರಿಗೆ, ಯಾವ ವಿಳಾಸಕ್ಕೆ, ಯಾವ ದಿನ, ಏನು ಕಳಿಸಿದಿರಿ, ಎಲ್ಲ ಬರೆದಿಡಿ. ಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ಏಳೆಂಟು ತಿಂಗಳ ನಂತರ ಏನು ಬರೆದಿದ್ದೆ ಅನ್ನುವುದೇ ಮರೆತಿರುತ್ತದೆ. ವಾಪಸ್ ಬರುವ ಕವರ್‌ನ ಒಳಮೂಲೆಯಲ್ಲಿ ಪೆನ್ಸಿಲ್‌ನಿಂದ ನಟರ ಹೆಸರಿನ ಮೊದಲ ಅಕ್ಷರ ಬರೆದಿಟ್ಟರೆ, ಬರಿ ಕಾರ್ಡ್ ಮೇಲೆ ಓದಲಾಗದ ಸಹಿ ಬಂದಾಗ ಯಾರದು ಅಂತ ತಿಳಿಯುತ್ತದೆ.

ಕೆಲವು ಉತ್ತರ ಮೂರು ವಾರದಲ್ಲಿ ಬರುತ್ತವೆ, ಕೆಲವು ಒಂದು ವರ್ಷ ದಾಟಿ. ಬಾರದೇ ಇರುವುದೂ ಬಹಳ. ನೆನಪೋಲೆ ಕಳಿಸುವುದು, ಅವರ ಸಾಮಾಜಿಕ ಜಾಲತಾಣದಲ್ಲಿ ಹೋಗಿ ಪತ್ರ ಸಿಕ್ಕಿತಾ ಅಂತ ಕೇಳುವುದು ಬೇಡ. ವರ್ಷ ಕಳೆದರೂ ಬರದಿದ್ದರೆ ಬೇರೆ ವಿಳಾಸ ಹುಡುಕಿ ಹೊಸ ಪತ್ರ ಬರೆಯಿರಿ.

ಈ ನಡುವೆ ಒಂದು ಅಪಾಯ ಇದೆ. ನಿಮ್ಮ ಮೆಚ್ಚಿನ ನಟರ ಹೆಸರಿನಲ್ಲಿ, ಇಲ್ಲವೇ ಅವರ ಮ್ಯಾನೇಜರ್ ಅಂತ ಹೇಳಿಕೊಂಡು ಯಾರಾದರೂ ಆನ್‌ಲೈನ್‌ನಲ್ಲಿ ಮೆಸೇಜ್ ಮಾಡಬಹುದು. ಅಭಿಮಾನಿ ಕಾರ್ಡ್ ಕೊಡುತ್ತೇವೆ, ಭೇಟಿ ಮಾಡಿಸುತ್ತೇವೆ, ಗಿಫ್ಟ್ ಕಾರ್ಡ್ ಕಳಿಸಿ ಅನ್ನುತ್ತಾರೆ. ಇದು ಮೋಸ. ಶುಲ್ಕ ತೆಗೆದುಕೊಂಡು ಸಹಿ ಹಾಕುವ ನಟರೂ ಇದ್ದಾರೆ ನಿಜ. ಆದರೆ ಅವರು ಅದನ್ನು ತಮ್ಮ ಅಧಿಕೃತ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರುತ್ತಾರೆ. ತಾವಾಗಿ ಮೆಸೇಜ್ ಮಾಡಿ ದುಡ್ಡು ಕೇಳುವುದಿಲ್ಲ.

ಬಂದದ್ದು ಅವರದೇ ಸಹಿಯಾ?

ಕವರ್ ಬಂದ ಖುಷಿಯಲ್ಲಿ ಹರಿದು ತೆಗೆಯಬೇಡಿ. ಮೊದಲು ಮೇಜಿನ ಮೇಲೆ ನಿಲ್ಲಿಸಿ ತಟ್ಟಿ, ಒಳಗಿನದು ಒಂದು ಬದಿಗೆ ಸರಿಯಲಿ. ಆಮೇಲೆ ಇನ್ನೊಂದು ಬದಿಯನ್ನು ಬ್ಲೇಡಿನಿಂದ ಕೊಯ್ಯಿರಿ. ಕವರ್ ಎಸೆಯಬೇಡಿ. ಅಂಚೆ ಮುದ್ರೆಯ ದಿನಾಂಕ, ಊರು ನಿಮ್ಮ ಸಹಿಯ ಕಥೆಯ ಭಾಗ.

ಬಂದ ಸಹಿ ನಾಲ್ಕು ಬಗೆಯದ್ದಾಗಿರಬಹುದು. ನಿಜವಾದದ್ದು, ಅಚ್ಚು ಹಾಕಿದ್ದು, ಯಂತ್ರದ್ದು, ಬೇರೆಯವರು ಹಾಕಿದ್ದು.

ಅಚ್ಚಿನದನ್ನು ಗುರುತಿಸುವುದು ಸುಲಭ. ಫೋಟೋವನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ನಿಜವಾದ ಇಂಕು ಫೋಟೋದ ಹೊಳಪಿನ ಮೇಲೆ ಕೂತಿರುತ್ತದೆ, ಬೆಳಕು ಅಲ್ಲಿ ಬೇರೆ ಥರ ಮಿಂಚುತ್ತದೆ. ಅಚ್ಚಿನ ಸಹಿಯಲ್ಲಿ ಹೊಳಪು ಎಲ್ಲ ಕಡೆ ಒಂದೇ ಸಮ, ಸಹಿ ಕಾಗದದ ಒಳಗೆ ಇರುವಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಗೆರೆ ಒಂದನ್ನೊಂದು ದಾಟುವ ಕಡೆ ನಿಜವಾದ ಇಂಕು ದಟ್ಟವಾಗಿರುತ್ತದೆ.

ಯಂತ್ರದ್ದು ಕಷ್ಟ. ಆಟೋಪೆನ್ ಅನ್ನುವ ಯಂತ್ರ ನಿಜವಾದ ಪೆನ್ನನ್ನೇ ಹಿಡಿದು, ಒಂದು ಮಾದರಿ ಸಹಿಯನ್ನು ಮತ್ತೆ ಮತ್ತೆ ಬರೆಯುತ್ತದೆ. ಇಂಕು ನಿಜ, ಕೈ ಮಾತ್ರ ಇಲ್ಲ. ಗೆರೆಯ ದಪ್ಪ ಉದ್ದಕ್ಕೂ ಒಂದೇ ಸಮ ಇರುತ್ತದೆ, ಶುರುವಾದ ಮತ್ತು ಮುಗಿದ ಕಡೆ ಪೆನ್ನು ಒತ್ತಿದ ಚುಕ್ಕೆ ಕಾಣುತ್ತದೆ. ಮನುಷ್ಯ ಸಹಿ ಹಾಕುವಾಗ ಪೆನ್ನು ಓಡುತ್ತಲೇ ಕಾಗದ ಮುಟ್ಟುತ್ತದೆ, ಓಡುತ್ತಲೇ ಮೇಲೇಳುತ್ತದೆ. ಅದಕ್ಕೇ ಗೆರೆಯ ತುದಿ ಸಣ್ಣಗಾಗಿರುತ್ತದೆ. ಇನ್ನೂ ಗಟ್ಟಿ ಪರೀಕ್ಷೆ ಅಂದರೆ ಅದೇ ನಟರಿಂದ ಬೇರೆಯವರಿಗೆ ಬಂದ ಸಹಿಯ ಜೊತೆ ಹೋಲಿಸುವುದು. ಯಾವ ಮನುಷ್ಯನೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಹಿ ಹಾಕುವುದಿಲ್ಲ. ಒಂದರ ಮೇಲೊಂದು ಇಟ್ಟಾಗ ಪೂರ್ತಿ ಕೂತರೆ ಅದು ಯಂತ್ರವೇ. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಕೈಸಹಿ ಇದೆ ಅಂತ ಮಾರಿದ 900 ಪುಸ್ತಕಗಳ ಗುಟ್ಟು ಹೊರಬಿದ್ದದ್ದು ಹೀಗೆಯೇ. ಕೊಂಡವರು ಒಬ್ಬರಿಗೊಬ್ಬರು ಫೋಟೋ ತೋರಿಸಿ ಹೋಲಿಸಿದರು, ಕೆಲವೇ ಮಾದರಿಗಳು ಮತ್ತೆ ಮತ್ತೆ ಬಂದಿದ್ದವು. ಪ್ರಕಾಶಕರು ಹಣ ವಾಪಸ್ ಕೊಟ್ಟರು. ಡಿಲನ್ ಕ್ಷಮೆ ಕೇಳಿದರು.

ಇನ್ನು ಬೇರೆಯವರು ಹಾಕಿದ ಸಹಿ. ಹಾಲಿವುಡ್‌ನ ಹಳೆಯ ಸ್ಟುಡಿಯೊಗಳ ಕಾಲದಿಂದಲೂ ಕಾರ್ಯದರ್ಶಿಗಳು ತಾರೆಯರ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು. 1930ರ ದಶಕದ ತಾರೆ ಜೀನ್ ಹಾರ್ಲೋ ಅವರ ಫೋಟೋಗಳ ಮೇಲಿನ ಸಹಿಗಳಲ್ಲಿ ಬಹಳಷ್ಟು ಅವರ ತಾಯಿಯದ್ದು. ಅಭಿಮಾನಿಗಳ ಮುಂದೆ ನಿಂತು ಹಾಕಿದ ಸಹಿಯ ವಿಡಿಯೊ ಅಥವಾ ಫೋಟೋ ಸಿಕ್ಕರೆ ಅದರ ಜೊತೆ ಹೋಲಿಸಿ. ಅಕ್ಷರದ ಓರೆ, ಹೆಸರಿನ ಎರಡು ಭಾಗದ ನಡುವಿನ ಜಾಗ, ಮೊದಲ ಅಕ್ಷರದ ಎತ್ತರ ನೋಡಿ. ವಯಸ್ಸಾದಂತೆ ಸಹಿ ಬದಲಾಗುತ್ತದೆ, ನಲವತ್ತು ವರ್ಷ ಹಿಂದಿನದರ ಜೊತೆ ಹೋಲಿಸಿ ಅನುಮಾನಪಡಬೇಡಿ.

ನಿಜವಾದ ಸಹಿ ಅಲ್ಲ ಅಂತ ಗೊತ್ತಾದರೆ ಬೇಸರ ಆಗುತ್ತದೆ. ಅದನ್ನೂ ಎಸೆಯಬೇಡಿ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಅಚ್ಚು, ಯಂತ್ರ ಅಂತ ಬರೆದು ಬೇರೆ ಇಡಿ. ಮುಂದೊಂದು ದಿನ ನಿಮ್ಮ ಸಂಗ್ರಹ ಬೇರೆಯವರ ಕೈಗೆ ಹೋದಾಗ ಅವರು ಮೋಸಹೋಗಬಾರದು.

ಜೋಪಾನ

ಸಹಿಗೆ ಶತ್ರು ಬಿಸಿಲು. ಮಾರ್ಕರ್ ಇಂಕು ಕಿಟಕಿಯ ಎದುರಿನ ಗೋಡೆಯ ಮೇಲೆ ಕೆಲವೇ ವರ್ಷದಲ್ಲಿ ಮಾಸುತ್ತದೆ. ನಾನು ಗೋಡೆಗೆ ಪ್ರತಿಯನ್ನು ಹಾಕುತ್ತೇನೆ, ಮೂಲ ಫೋಟೋ ಕತ್ತಲಲ್ಲಿ ಇರುತ್ತದೆ. ಮೂಲವನ್ನೇ ಫ್ರೇಮ್ ಹಾಕಿಸುವುದಾದರೆ ಗಾಜು ಫೋಟೋಗೆ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಇರಲಿ. ಗಾಜಿಗೆ ಅಂಟಿದ ಇಂಕು ಮತ್ತೆ ಬಿಡುವುದಿಲ್ಲ.

ಆಲ್ಬಂಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಗಳು ಸರಿ. ಘಾಟು ವಾಸನೆ ಬರುವ ಪಿವಿಸಿ ಹಾಳೆ ಬೇಡ, ಅದು ನಿಧಾನವಾಗಿ ಇಂಕನ್ನು ಎಳೆದುಕೊಳ್ಳುತ್ತದೆ. ಅಂಟಿನ ಹಾಳೆಯ ಆಲ್ಬಂ, ಲ್ಯಾಮಿನೇಷನ್, ಟೇಪು ಯಾವುದನ್ನೂ ಹತ್ತಿರ ತರಬೇಡಿ. ವಾಪಸ್ ಬಂದ ಕವರ್ ಮತ್ತು ನಿಮ್ಮ ಪತ್ರದ ಪ್ರತಿಯನ್ನು ಅದೇ ಹಾಳೆಯಲ್ಲಿ ಫೋಟೋ ಹಿಂದೆ ಇಡಿ.

ಸಹಿ ಬಂದ ವಾರವೇ ಅದೇ ವಿಳಾಸಕ್ಕೆ ಒಂದು ಪೋಸ್ಟ್‌ಕಾರ್ಡ್ ಬರೆಯಿರಿ. ನಿಮ್ಮ ಫೋಟೋ ಸಿಕ್ಕಿತು, ಧನ್ಯವಾದ, ಇಷ್ಟು ಸಾಕು. ಈ ಸಲ ಏನನ್ನೂ ಕೇಳಬೇಡಿ, ಸ್ವವಿಳಾಸದ ಕವರ್ ಬೇಡ.